ಹೆದ್ದಾರಿಯ ನಂಬರು ಓದಲು ಕಲಿಯೋಣ: ಬೈರಿದೇವರಕೊಪ್ಪದಿಂದ ಒಂದು ಪಾಠ



ನಂಬರು ನಮಗೆ ಹೊಸದಲ್ಲ. ನಮ್ಮ ಸಂಘಕ್ಕೊಂದು ನಂಬರು, ಸಂಘದ ಪುಸ್ತಕದಲ್ಲಿ ಸದಸ್ಯನಿಗೊಂದು ನಂಬರು, ಹಾಲಿನ ಕ್ಯಾನಿಗೊಂದು ನಂಬರು ಇರುತ್ತದೆ. ಈಗ ಆಕಳು ಎಮ್ಮೆಗಳ ಕಿವಿಯೋಲೆಯ ಮೇಲೂ 12 ಅಂಕಿಗಳ ನಂಬರು ಬಂದಿದೆ. ಕ್ಯಾನಿನ ನಂಬರು ತಪ್ಪಿದರೆ ಒಬ್ಬರ ಹಾಲಿನ ಹಣ ಇನ್ನೊಬ್ಬರ ಲೆಕ್ಕಕ್ಕೆ ಹೋಗುತ್ತದೆ ಎಂಬುದು ನಿಮಗೆ ತಿಳಿದದ್ದೇ.

ರಸ್ತೆಗೂ ಇಂತಹದೇ ನಂಬರು ಉಂಟು. ಆದರೆ ಅದನ್ನು ಓದಲು ನಾವು ಹೆಚ್ಚಿನವರು ಕಲಿತಿಲ್ಲ. "ಪಿ.ಬಿ. ರಸ್ತೆ", "ಕಾರವಾರ ರಸ್ತೆ", "ಗದಗ ರಸ್ತೆ" ಎಂದರೆ ಸಾಕಾಗುತ್ತದೆ. ದಿನದ ಓಡಾಟಕ್ಕೆ ಅಷ್ಟು ಸಾಕು. ಆದರೆ ಹೊಲದ ಪಕ್ಕ ಹೆದ್ದಾರಿ ಅಗಲವಾಗುವ ನೋಟೀಸು ಬಂದಾಗ, ಅಜ್ಜನ ಕಾಲದ ಖರೀದಿ ಪತ್ರ ತೆಗೆದು ಚಕ್ಕುಬಂದಿ ಓದುವಾಗ, ಇಲ್ಲವೇ ರಾತ್ರಿ ಹೆದ್ದಾರಿಯ ಮೇಲೆ ಅಪಘಾತವಾಗಿ ಸಹಾಯಕ್ಕೆ ಫೋನು ಮಾಡುವಾಗ ಈ ನಂಬರು ಬೇಕೇ ಬೇಕು. ಈ ಪಾಠದಲ್ಲಿ ಕರ್ನಾಟಕದ ರಾಷ್ಟ್ರೀಯ ಹೆದ್ದಾರಿಗಳ ನಂಬರನ್ನು ಹೇಗೆ ಓದಬೇಕು, ಅದರಿಂದ ಹಾಲು ಉತ್ಪಾದಕನಿಗೆ ಏನು ಪ್ರಯೋಜನ ಎಂಬುದನ್ನು ನೋಡೋಣ. ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವೆ ಹಳೆಯ ಪಿ.ಬಿ. ರಸ್ತೆಯ ಮೇಲಿರುವ ಬೈರಿದೇವರಕೊಪ್ಪವನ್ನು ನಮ್ಮ ಉದಾಹರಣೆಯ ಊರಾಗಿ ಇಟ್ಟುಕೊಳ್ಳೋಣ.

1. ಯಾವ ರಸ್ತೆ ಯಾರದು?

ಸ್ವಾತಂತ್ರ್ಯಕ್ಕೆ ಮುಂಚೆ, 1943ರಲ್ಲಿ ದೇಶದ ಮುಖ್ಯ ಇಂಜಿನಿಯರುಗಳು ನಾಗಪುರದಲ್ಲಿ ಸೇರಿ ಒಂದು ಯೋಜನೆ ಮಾಡಿದರು. ಅದನ್ನು ನಾಗಪುರ ಯೋಜನೆ ಎನ್ನುತ್ತಾರೆ. ರಸ್ತೆಗಳನ್ನು ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆ, ಹಳ್ಳಿ ರಸ್ತೆ ಎಂದು ದರ್ಜೆಗಳಾಗಿ ವಿಂಗಡಿಸುವ ಕ್ರಮ ಅಲ್ಲಿಂದ ಬೇರೂರಿತು. ಮುಂದೆ 1956ರಲ್ಲಿ ರಾಷ್ಟ್ರೀಯ ಹೆದ್ದಾರಿ ಕಾಯ್ದೆ ಬಂತು. ಆ ಕಾಯ್ದೆಯ ಪಟ್ಟಿಯಲ್ಲಿ ಸೇರಿದ ರಸ್ತೆ ಕೇಂದ್ರ ಸರ್ಕಾರದ ಸ್ವತ್ತು.

ನಿಮ್ಮ ಮನೆಯ ಹಾಲಿನ ದಾರಿಯನ್ನೇ ನೋಡಿ. ಕೊಟ್ಟಿಗೆಯಿಂದ ಸಂಘದವರೆಗೆ ಅದು ಹಳ್ಳಿಯ ರಸ್ತೆಯಲ್ಲಿ ಬರುತ್ತದೆ. ಸಂಘದಿಂದ ಶೀತಲ ಕೇಂದ್ರಕ್ಕೆ ಜಿಲ್ಲಾ ರಸ್ತೆಯಲ್ಲೋ ರಾಜ್ಯ ಹೆದ್ದಾರಿಯಲ್ಲೋ ಹೋಗುತ್ತದೆ. ಅಲ್ಲಿಂದ ದೂರದ ಊರಿಗೆ ಹೊರಟ ಟ್ಯಾಂಕರು ರಾಷ್ಟ್ರೀಯ ಹೆದ್ದಾರಿ ಹಿಡಿಯುತ್ತದೆ. ಹೀಗೆ ಒಂದು ಲೀಟರು ಹಾಲು ಒಂದೇ ದಿನದಲ್ಲಿ ಮೂರು ನಾಲ್ಕು ಒಡೆಯರ ರಸ್ತೆಗಳನ್ನು ದಾಟುತ್ತದೆ. ಗುಂಡಿ ಬಿದ್ದರೆ ಅರ್ಜಿ ಯಾರಿಗೆ, ಜಮೀನು ಹೋದರೆ ಪರಿಹಾರ ಯಾರಿಂದ ಎಂಬುದು ರಸ್ತೆಯ ದರ್ಜೆಯ ಮೇಲೆ ನಿಂತಿದೆ. ರಾಷ್ಟ್ರೀಯ ಹೆದ್ದಾರಿಯಲ್ಲೂ ಎರಡು ಬಗೆಯ ಉಸ್ತುವಾರಿ ಇದೆ. ಕೆಲವು ಭಾಗಗಳು 1988ರ ಕಾಯ್ದೆಯಿಂದ ಹುಟ್ಟಿದ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಕೈಯಲ್ಲಿವೆ. ಇನ್ನು ಕೆಲವನ್ನು ರಾಜ್ಯ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗ ನೋಡಿಕೊಳ್ಳುತ್ತದೆ.

ದರ್ಜೆ ಗುರುತಿಸಲು ಸುಲಭವಾದ ಉಪಾಯವೊಂದಿದೆ. ಕಿಲೋಮೀಟರ್ ಕಲ್ಲಿನ ತಲೆ ಹಳದಿ ಇದ್ದರೆ ಅದು ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಬಣ್ಣವಿದ್ದರೆ ಗ್ರಾಮೀಣ ರಸ್ತೆ.

2. ಹಳೆಯ ನಂಬರುಗಳು

ನಮ್ಮ ತಂದೆಯವರ ಕಾಲದಿಂದ ಕೇಳಿ ಬಂದ ನಂಬರುಗಳು ಬೇರೆ. ಮುಂಬಯಿ ಕಡೆಯಿಂದ ಪುಣೆ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರು ದಾಟಿ ಮದ್ರಾಸಿಗೆ ಹೋಗುವ ರಸ್ತೆ "ನಂಬರ್ 4". ಪುಣೆ ಮತ್ತು ಬೆಂಗಳೂರುಗಳ ಮೊದಲ ಅಕ್ಷರ ಹಿಡಿದು ಜನ ಅದನ್ನು ಪಿ.ಬಿ. ರಸ್ತೆ ಎಂದರು. ಅಂಕೋಲೆಯಿಂದ ಹುಬ್ಬಳ್ಳಿ, ಗದಗ, ಹೊಸಪೇಟೆ, ಬಳ್ಳಾರಿ ಮಾರ್ಗವಾಗಿ ಗುತ್ತಿಗೆ ಹೋಗುವುದು "ನಂಬರ್ 63". ಹುಬ್ಬಳ್ಳಿಯಿಂದ ನವಲಗುಂದ, ನರಗುಂದ ದಾಟಿ ವಿಜಯಪುರದ ಕಡೆಗೆ ಹೋಗುವುದು "ನಂಬರ್ 218".

ಈ ನಂಬರುಗಳಿಂದ ರಸ್ತೆಯ ದಿಕ್ಕು ತಿಳಿಯುತ್ತಿರಲಿಲ್ಲ. 4 ಎಲ್ಲಿ, 63 ಎಲ್ಲಿ, 218 ಎಲ್ಲಿ ಎಂಬುದಕ್ಕೆ ಒಂದಕ್ಕೊಂದು ಸಂಬಂಧ ಕಾಣುತ್ತಿರಲಿಲ್ಲ. ಹೊಸ ಹೊಸ ರಸ್ತೆಗಳು ಪಟ್ಟಿಗೆ ಸೇರಿದ ಹಾಗೆಲ್ಲ ನಂಬರು ಬೆಳೆಯುತ್ತ ಹೋಯಿತು. ಸಂಘಕ್ಕೆ ಸೇರಿದ ಕ್ರಮದಲ್ಲಿ ಸದಸ್ಯರಿಗೆ ನಂಬರು ಕೊಟ್ಟಂತೆ ಇದು. ನಂಬರು ನೋಡಿ ಮನೆ ಯಾವ ಓಣಿಯಲ್ಲಿದೆ ಎಂದು ಹೇಳಲು ಬಾರದು.

3. 2010ರ ಹೊಸ ನಿಯಮ

2010ರಲ್ಲಿ ಕೇಂದ್ರ ಸರ್ಕಾರ ದೇಶದ ಎಲ್ಲ ರಾಷ್ಟ್ರೀಯ ಹೆದ್ದಾರಿಗಳಿಗೂ ಹೊಸ ನಂಬರು ಕೊಟ್ಟಿತು. ಅದರ ನಿಯಮಗಳು ಇವು:

ಒಂದು: ಉತ್ತರ ದಕ್ಷಿಣವಾಗಿ ಹೋಗುವ ಪ್ರಧಾನ ಹೆದ್ದಾರಿಗೆ ಸಮ ಸಂಖ್ಯೆ. ದೇಶದ ಪೂರ್ವದಿಂದ ಪಶ್ಚಿಮಕ್ಕೆ ಬಂದಂತೆ ಈ ಸಂಖ್ಯೆ ಹೆಚ್ಚುತ್ತದೆ.

ಎರಡು: ಪೂರ್ವ ಪಶ್ಚಿಮವಾಗಿ ಹೋಗುವ ಪ್ರಧಾನ ಹೆದ್ದಾರಿಗೆ ಬೆಸ ಸಂಖ್ಯೆ. ಉತ್ತರದಿಂದ ದಕ್ಷಿಣಕ್ಕೆ ಇಳಿದಂತೆ ಇದು ಹೆಚ್ಚುತ್ತದೆ.

ಮೂರು: ಪ್ರಧಾನ ಹೆದ್ದಾರಿಗೆ ಒಂದು ಅಥವಾ ಎರಡು ಅಂಕಿ ಮಾತ್ರ. ಮೂರು ಅಂಕಿ ಇದ್ದರೆ ಅದು ಕವಲು ರಸ್ತೆ. ಕೊನೆಯ ಎರಡು ಅಂಕಿ ತಾಯಿ ಹೆದ್ದಾರಿಯ ನಂಬರು.

ನಾಲ್ಕು: ನಂಬರಿನ ಮುಂದೆ ಎ, ಬಿ, ಇ ಎಂಬ ಅಕ್ಷರವಿದ್ದರೆ ಅದು ಆ ಕವಲಿನಿಂದ ಹುಟ್ಟಿದ ಇನ್ನೊಂದು ಟಿಸಿಲು.

4. ಕರ್ನಾಟಕದ ನಕ್ಷೆಗೆ ಹಚ್ಚಿ ನೋಡೋಣ

ಮಕ್ಕಳ ಭೂಗೋಳ ಪುಸ್ತಕದಿಂದ ಕರ್ನಾಟಕದ ನಕ್ಷೆ ತೆಗೆದು ಮುಂದಿಟ್ಟುಕೊಳ್ಳಿ. ಮೊದಲು ಬೆಸ ಸಂಖ್ಯೆ. ಬೆರಳನ್ನು ಬೀದರ್ ಜಿಲ್ಲೆಯ ಮೇಲಿಟ್ಟು ಕೆಳಗೆ ಇಳಿಸುತ್ತ ಬನ್ನಿ.

ಹುಮ್ನಾಬಾದ್ ಮೇಲೆ ಹಾದು ಪುಣೆಯಿಂದ ಹೈದರಾಬಾದ್, ಮಚಲೀಪಟ್ಟಣಕ್ಕೆ ಹೋಗುವುದು 65. ಕೆಳಗೆ ಬಂದರೆ ಹುಬ್ಬಳ್ಳಿಯಿಂದ ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ ಮಾರ್ಗವಾಗಿ ಆಂಧ್ರಕ್ಕೆ ಹೋಗುವುದು 67. ಇನ್ನೂ ಕೆಳಗೆ ಹೊನ್ನಾವರದಿಂದ ಸಾಗರ, ಶಿವಮೊಗ್ಗ ಮಾರ್ಗವಾಗಿ ಶಿರಾ, ಮಧುಗಿರಿ, ಚಿಂತಾಮಣಿ, ಮುಳಬಾಗಿಲು ದಾಟಿ ಚಿತ್ತೂರಿಗೆ ಹೋಗುವುದು 69. ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆ, ಬೇಲೂರು, ಅರಸೀಕೆರೆ, ತಿಪಟೂರು ಹಿಡಿದು ತುಮಕೂರಿಗೆ ಹೋಗುವುದು 73. ಬಂಟ್ವಾಳದಿಂದ ಶಿರಾಡಿ ಘಾಟಿ, ಹಾಸನ, ನೆಲಮಂಗಲ, ಬೆಂಗಳೂರು, ಕೋಲಾರ ಮಾರ್ಗವಾಗಿ ವೆಲ್ಲೂರಿನ ಕಡೆಗೆ ಹೋಗುವುದು 75. ನೋಡಿ, 65, 67, 69, 73, 75. ಉತ್ತರದಿಂದ ದಕ್ಷಿಣಕ್ಕೆ ಏಣಿಯ ಮೆಟ್ಟಿಲಿನಂತೆ ಇಳಿದು ಬಂದಿವೆ.

ಈಗ ಸಮ ಸಂಖ್ಯೆ. ಬೆರಳನ್ನು ಪೂರ್ವದ ಚಿಕ್ಕಬಳ್ಳಾಪುರದ ಮೇಲಿಡಿ. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ 44 ಅಲ್ಲಿಂದ ಬೆಂಗಳೂರಿಗೆ ಇಳಿಯುತ್ತದೆ. ಪಶ್ಚಿಮಕ್ಕೆ ಸರಿದರೆ ಬೀದರ್, ಕಲಬುರಗಿ, ವಿಜಯಪುರ, ಹೊಸಪೇಟೆ, ಚಿತ್ರದುರ್ಗದ 50. ಇನ್ನೂ ಪಶ್ಚಿಮಕ್ಕೆ ಸೊಲ್ಲಾಪುರದಿಂದ ವಿಜಯಪುರ, ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಅಂಕೋಲೆಯ 52. ಕಟ್ಟಕಡೆಗೆ ಸಮುದ್ರದ ದಂಡೆ ಹಿಡಿದು ಕಾರವಾರ, ಕುಂದಾಪುರ, ಉಡುಪಿ, ಮಂಗಳೂರು, ಕಾಸರಗೋಡು ದಾಟುವ 66.

ನಡುವೆ 48 ಎಲ್ಲಿ ಹೋಯಿತು ಎಂದು ನೀವು ಕೇಳಬಹುದು. ಅದೇ ನಮ್ಮ ಹಳೆಯ ಪಿ.ಬಿ. ರಸ್ತೆಯ ಹೊಸ ನಂಬರು. ದೆಹಲಿಯಿಂದ ಜೈಪುರ, ಅಹಮದಾಬಾದ್, ಮುಂಬಯಿ, ಪುಣೆ, ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು ಮಾರ್ಗವಾಗಿ ಚೆನ್ನೈವರೆಗೆ ಸುಮಾರು 2,800 ಕಿ.ಮೀ. ಉದ್ದದ ಹೆದ್ದಾರಿ ಇದು. ನಮ್ಮ ರಾಜ್ಯದಲ್ಲಿ ಅದು ವಾಯವ್ಯದಿಂದ ಆಗ್ನೇಯಕ್ಕೆ ಓರೆಯಾಗಿ ಹಾದಿದೆ. ಆದ್ದರಿಂದ ಬೆಂಗಳೂರಿನಲ್ಲಿ ಅದು 50ಕ್ಕಿಂತ ಪೂರ್ವದಲ್ಲಿದೆ, ಹುಬ್ಬಳ್ಳಿಯಲ್ಲಿ 50ಕ್ಕಿಂತ ಪಶ್ಚಿಮದಲ್ಲಿದೆ. ನಿಯಮವನ್ನು ಇಡೀ ದೇಶದ ನಕ್ಷೆ ನೋಡಿ ಮಾಡಿದ್ದಾರೆ. ರಸ್ತೆ ಓರೆಯಾದಲ್ಲಿ ಒಂದು ಜಿಲ್ಲೆಯ ಮಟ್ಟಿಗೆ ಅದು ಸರಿ ಹೊಂದದಿರಬಹುದು.

ಹುಬ್ಬಳ್ಳಿಯ ಭಾಗ್ಯವನ್ನೂ ಇಲ್ಲಿ ಗಮನಿಸಿ. 48, 52, 67 ಎಂಬ ಮೂರು ಪ್ರಧಾನ ಹೆದ್ದಾರಿಗಳು ಈ ಊರಿನಲ್ಲಿ ಕೂಡುತ್ತವೆ. ಬೈರಿದೇವರಕೊಪ್ಪದ ನೆರೆಯ ಅಮರಗೋಳದಲ್ಲಿರುವ ಕೃಷಿ ಮಾರುಕಟ್ಟೆಗೆ ನಾಲ್ಕೂ ದಿಕ್ಕಿನಿಂದ ಮಾಲು ಬರುವುದಕ್ಕೆ ಈ ಕೂಡುದಾರಿಯೂ ಒಂದು ಕಾರಣ.

5. ಕವಲು ರಸ್ತೆಯ ತಾಯಿಯನ್ನು ಗುರುತಿಸುವುದು

ಕರುವನ್ನು ನೋಡಿ ತಾಯಿ ಯಾವುದೆಂದು ಹೇಳುವ ಹಾಗೆ ಮೂರು ಅಂಕಿಯ ರಸ್ತೆಯ ತಾಯಿಯನ್ನು ಹೇಳಬಹುದು. ಮೊದಲ ಅಂಕಿಯನ್ನು ಬೆರಳಿನಿಂದ ಮುಚ್ಚಿರಿ.

748: ಮೊದಲ 7 ಮುಚ್ಚಿದರೆ 48. ಬೆಳಗಾವಿಯಲ್ಲಿ 48ರಿಂದ ಕವಲೊಡೆದು ಖಾನಾಪುರದ ಮೇಲೆ ಪಣಜಿಗೆ ಹೋಗುತ್ತದೆ.

948: ಇದರ ತಾಯಿಯೂ 48. ಬೆಂಗಳೂರಿನಿಂದ ಕನಕಪುರ, ಕೊಳ್ಳೇಗಾಲ, ಚಾಮರಾಜನಗರ ಮಾರ್ಗವಾಗಿ ಕೊಯಮತ್ತೂರಿಗೆ.

275: ತಾಯಿ 75. ಬಂಟ್ವಾಳದಲ್ಲಿ ಅಗಲಿ ಮಡಿಕೇರಿ, ಮೈಸೂರು, ಮಂಡ್ಯ ಸುತ್ತಿ ಬೆಂಗಳೂರು ಸೇರುತ್ತದೆ.

169 ಮತ್ತು 369: ಎರಡರ ತಾಯಿಯೂ 69. ಮೊದಲನೆಯದು ಶಿವಮೊಗ್ಗದಿಂದ ತೀರ್ಥಹಳ್ಳಿ, ಕಾರ್ಕಳ ಮಾರ್ಗವಾಗಿ ಮಂಗಳೂರಿಗೆ, ಎರಡನೆಯದು ಶಿವಮೊಗ್ಗದಿಂದ ಹೊಳಲ್ಕೆರೆ ಮಾರ್ಗವಾಗಿ ಚಿತ್ರದುರ್ಗಕ್ಕೆ.

766: ತಾಯಿ 66. ಕಲ್ಲಿಕೋಟೆಯಲ್ಲಿ ಕರಾವಳಿ ಹೆದ್ದಾರಿಯಿಂದ ಹೊರಟು ಗುಂಡ್ಲುಪೇಟೆ, ಮೈಸೂರು, ಕೊಳ್ಳೇಗಾಲಕ್ಕೆ.

766ಇ: ನಮ್ಮ ಪಕ್ಕದ ಹಾವೇರಿಯಿಂದ ಶಿರಸಿ ಮಾರ್ಗವಾಗಿ ಕುಮಟಾಕ್ಕೆ ಹೋಗುವ ರಸ್ತೆ. ಕುಮಟಾದಲ್ಲಿ 66 ಸಿಗುತ್ತದೆ, ಆದ್ದರಿಂದ ಹೆಸರಿನಲ್ಲಿ 66 ಉಳಿದಿದೆ.

6. ಹಳೆಯದಕ್ಕೆ ಹೊಸದು

ಈ ಪಟ್ಟಿಯನ್ನು ಕತ್ತರಿಸಿ ಸಂಘದ ಗೋಡೆಗೆ ಅಂಟಿಸಿಕೊಳ್ಳಬಹುದು. ಎಡಕ್ಕೆ ಹಳೆಯ ನಂಬರು, ಬಲಕ್ಕೆ ಕರ್ನಾಟಕದಲ್ಲಿ ಅದರ ಇಂದಿನ ನಂಬರು.

ಹಳೆಯ 4, ಬೆಳಗಾವಿ–ಹುಬ್ಬಳ್ಳಿ–ಬೆಂಗಳೂರು: 48
ಹಳೆಯ 4ಎ, ಬೆಳಗಾವಿ–ಪಣಜಿ: 748
ಹಳೆಯ 7, ಚಿಕ್ಕಬಳ್ಳಾಪುರ–ಬೆಂಗಳೂರು: 44
ಹಳೆಯ 9, ಹುಮ್ನಾಬಾದ್ ಮಾರ್ಗ: 65
ಹಳೆಯ 17, ಕರಾವಳಿ: 66
ಹಳೆಯ 48, ಬೆಂಗಳೂರು–ಹಾಸನ–ಮಂಗಳೂರು: 75
ಹಳೆಯ 63, ಅಂಕೋಲೆ–ಹುಬ್ಬಳ್ಳಿ ಭಾಗ: 52
ಹಳೆಯ 63, ಹುಬ್ಬಳ್ಳಿ–ಬಳ್ಳಾರಿ ಭಾಗ: 67
ಹಳೆಯ 206, ಹೊನ್ನಾವರ–ಶಿವಮೊಗ್ಗ ಭಾಗ: 69
ಹಳೆಯ 209, ಬೆಂಗಳೂರು–ಚಾಮರಾಜನಗರ: 948
ಹಳೆಯ 212, ಗುಂಡ್ಲುಪೇಟೆ–ಮೈಸೂರು: 766
ಹಳೆಯ 218, ಹುಬ್ಬಳ್ಳಿ–ವಿಜಯಪುರ ಭಾಗ: 52

ಹಳೆಯ 13ರ ಕಥೆ ಬೇರೆ. ಸೊಲ್ಲಾಪುರದಿಂದ ಮಂಗಳೂರಿನವರೆಗೆ ಒಂದೇ ನಂಬರಿದ್ದ ಈ ರಸ್ತೆ ಈಗ ನಾಲ್ಕು ಪಾಲಾಗಿದೆ. ಸೊಲ್ಲಾಪುರ–ವಿಜಯಪುರ 52, ವಿಜಯಪುರ–ಚಿತ್ರದುರ್ಗ 50, ಚಿತ್ರದುರ್ಗ–ಶಿವಮೊಗ್ಗ 369, ಶಿವಮೊಗ್ಗ–ಮಂಗಳೂರು 169. ಅಣ್ಣತಮ್ಮಂದಿರು ಹಿಸ್ಸೆಯಾದ ಮೇಲೆ ಒಂದೇ ಸರ್ವೆ ನಂಬರಿಗೆ ನಾಲ್ಕು ಪಹಣಿ ಬಂದ ಹಾಗೆ.

ಈ ಪಟ್ಟಿಯಲ್ಲಿ ಒಂದು ಮೋಸದ ಸಂಖ್ಯೆ ಇದೆ. ಅದು 48. ಹಳೆಯ 48 ಎಂದರೆ ಹಾಸನದ ರಸ್ತೆ, ಹೊಸ 48 ಎಂದರೆ ಹುಬ್ಬಳ್ಳಿಯ ರಸ್ತೆ. ಹಾಗೆಯೇ ಇಂದು ಗದಗ, ಬಳ್ಳಾರಿಗೆ ಹೋಗುವ 67 ಹಿಂದೆ ನಾಗಪಟ್ಟಣದಿಂದ ಕೊಯಮತ್ತೂರು ಮಾರ್ಗವಾಗಿ ಗುಂಡ್ಲುಪೇಟೆಗೆ ಬರುತ್ತಿದ್ದ ರಸ್ತೆಯ ನಂಬರಾಗಿತ್ತು. ಆದ್ದರಿಂದ ಯಾವ ಕಾಗದದಲ್ಲಿ ಹೆದ್ದಾರಿಯ ನಂಬರು ಕಂಡರೂ ಮೊದಲು ಆ ಕಾಗದದ ವರ್ಷ ನೋಡಿ. 2010ಕ್ಕೆ ಮುಂಚಿನದಾದರೆ ಹಳೆಯ ನಂಬರು. ಆ ಮೇಲಿನ ಕೆಲವು ವರ್ಷ ಎರಡೂ ನಂಬರು ಬಳಕೆಯಲ್ಲಿದ್ದುದರಿಂದ ರಸ್ತೆಯ ಎರಡು ತುದಿಯ ಊರುಗಳ ಹೆಸರನ್ನೂ ಓದಿ ಖಚಿತ ಮಾಡಿಕೊಳ್ಳಬೇಕು.

ಹಾಗಾದರೆ ನಮ್ಮ ಹಳೆಯ ನಂಬರ್ 4 ಎಲ್ಲಿ ಹೋಯಿತು? ಅದು ಈಗ ಅಂಡಮಾನ್ ದ್ವೀಪಗಳ ಹೆದ್ದಾರಿ. ಭಾರತದ ಪೂರ್ವದ ತುದಿಯಲ್ಲಿ ಉತ್ತರ ದಕ್ಷಿಣವಾಗಿ ಹೋಗುವ ರಸ್ತೆಯಾದ್ದರಿಂದ ಅದಕ್ಕೆ ಸಣ್ಣ ಸಮ ಸಂಖ್ಯೆ ಸಿಕ್ಕಿತು. ಹಳೆಯ 13 ಉತ್ತರದ ಅರುಣಾಚಲ ಪ್ರದೇಶಕ್ಕೆ ಹೋಗಿದೆ. ಎರಡೂ ನಿಯಮಕ್ಕೆ ಸರಿಯಾಗಿಯೇ ಇವೆ.

7. ಬೈರಿದೇವರಕೊಪ್ಪದ ಗಂಟು

ಪಟ್ಟಿ ಗೊತ್ತಿದ್ದ ಮಾತ್ರಕ್ಕೆ ಸಾಲದು ಎಂಬುದಕ್ಕೆ ಬೈರಿದೇವರಕೊಪ್ಪವೇ ಸಾಕ್ಷಿ.

ಹಿಂದೆ ಪುಣೆಯಿಂದ ಬೆಂಗಳೂರಿಗೆ ಹೋಗುವ ಲಾರಿಗಳೆಲ್ಲ ಧಾರವಾಡ ಪೇಟೆ ದಾಟಿ, ನವನಗರ, ಬೈರಿದೇವರಕೊಪ್ಪ, ಉಣಕಲ್ ಮಾರ್ಗವಾಗಿ ಹುಬ್ಬಳ್ಳಿಯ ಒಳಗಿಂದಲೇ ಹೋಗಬೇಕಿತ್ತು. ಆಗ ಈ ರಸ್ತೆಯೇ ಹೆದ್ದಾರಿ 4. ಆ ಮೇಲೆ ಧಾರವಾಡದ ನರೇಂದ್ರದಿಂದ ಹುಬ್ಬಳ್ಳಿಯ ಗಬ್ಬೂರಿನವರೆಗೆ ಸುಮಾರು 30 ಕಿ.ಮೀ. ಬೈಪಾಸ್ ರಸ್ತೆ ಬಂತು. ದೂರದ ವಾಹನಗಳು ಅತ್ತ ತಿರುಗಿದವು. ಇಂದು 48 ಎಂಬ ಹೆದ್ದಾರಿ ಹಾದಿರುವುದು ಆ ಬೈಪಾಸಿನಲ್ಲಿ. ಊರೊಳಗಿನ ಹಳೆಯ ಪಿ.ಬಿ. ರಸ್ತೆ ಅವಳಿ ನಗರದ ಒಳರಸ್ತೆಯಾಗಿ, 2018ರಿಂದ ಅದರ ನಡುವೆ ಪ್ರತ್ಯೇಕ ಪಥದಲ್ಲಿ 'ಚಿಗರಿ' ಬಸ್ಸುಗಳು ಓಡುತ್ತಿವೆ.

ಈಗ ಹೀಗೆಂದು ಭಾವಿಸಿ. ಒಬ್ಬ ರೈತನ ಹತ್ತಿರ 1975ರ ಖರೀದಿ ಪತ್ರ ಇದೆ. ಚಕ್ಕುಬಂದಿಯಲ್ಲಿ "ಒಂದು ಕಡೆಗೆ ರಾಷ್ಟ್ರೀಯ ಹೆದ್ದಾರಿ 4" ಎಂದು ಬರೆದಿದೆ. ನಮ್ಮ ಪಟ್ಟಿ ನೋಡಿ ಆತ "4 ಎಂದರೆ 48, 48 ಎಂದರೆ ಬೈಪಾಸ್, ಆದ್ದರಿಂದ ನನ್ನ ಜಮೀನು ಬೈಪಾಸಿಗೆ ಹತ್ತಿದೆ" ಎಂದರೆ ಲೆಕ್ಕ ತಪ್ಪುತ್ತದೆ. ಪತ್ರ ಬರೆದಾಗ ಬೈಪಾಸೇ ಇರಲಿಲ್ಲ. ಅಲ್ಲಿ ಹೇಳಿದ ಹೆದ್ದಾರಿ ಚಿಗರಿ ಬಸ್ಸು ಓಡುವ ಇಂದಿನ ರಸ್ತೆ. ಬೈಪಾಸ್ ಅಗಲಿಸುವ ನೋಟೀಸಿಗೂ ಆತನ ಹೊಲಕ್ಕೂ ಸಂಬಂಧವಿಲ್ಲ.

ತಿರುಗಿಸಿ ನೋಡಿದರೂ ಹಾಗೆಯೇ. ಬೈಪಾಸ್ ಪಕ್ಕದಲ್ಲಿ ಹೊಲ ಇರುವವನು "48 ಎಲ್ಲಿಯದೋ, ನಮ್ಮದು ಬೈಪಾಸ್" ಎಂದು ನೋಟೀಸನ್ನು ಮಡಿಚಿಟ್ಟರೆ ನಷ್ಟ ಅವನದೇ. ನಂಬರು ರಸ್ತೆಯ ಮಣ್ಣಿಗೆ ಅಂಟಿಕೊಂಡಿರುವುದಿಲ್ಲ. ಹೆದ್ದಾರಿ ಪಕ್ಕಕ್ಕೆ ಸರಿದರೆ ನಂಬರೂ ಅದರ ಜೊತೆ ಸರಿಯುತ್ತದೆ. ಇಂತಹ ಸಂದೇಹ ಬಂದಾಗ ಗಟ್ಟಿಯಾದ ಆಧಾರ ಒಂದೇ: ಸರ್ವೆ ನಂಬರು, ಹಿಸ್ಸಾ ನಂಬರು ಮತ್ತು ಗ್ರಾಮದ ನಕ್ಷೆ. ಬಂಕಾಪುರ, ಹಾವೇರಿ, ದಾವಣಗೆರೆಗಳಂತಹ ಬೇರೆ ಊರುಗಳ ಪಕ್ಕದಲ್ಲಿ ಹೊಲ ಇದ್ದವರೂ ಹೆದ್ದಾರಿ ಊರೊಳಗೆ ಹಾದಿದೆಯೋ ಹೊರಗೆ ಹಾದಿದೆಯೋ ಎಂಬುದನ್ನು ಇದೇ ರೀತಿ ನೋಡಿಕೊಳ್ಳಬೇಕು.

8. ನೋಟೀಸು ಬಂದಾಗ

ರಾಷ್ಟ್ರೀಯ ಹೆದ್ದಾರಿಗೆ ಜಮೀನು ತೆಗೆದುಕೊಳ್ಳುವ ಕ್ರಮ 1956ರ ಕಾಯ್ದೆಯಲ್ಲಿಯೇ ಇದೆ. ಮೇವಿನ ಹೊಲವಿರಲಿ, ಕೊಟ್ಟಿಗೆಯಿರಲಿ, ಹಂತಗಳು ಒಂದೇ.

ಕಲಂ 3ಎ: ಇಂಥ ಜಮೀನು ಬೇಕಾಗಿದೆ ಎಂಬ ಮೊದಲ ಅಧಿಸೂಚನೆ. ಇದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು, ಅದರಲ್ಲಿ ಒಂದು ನಾಡಭಾಷೆಯದು. ಅಧಿಸೂಚನೆಯಲ್ಲಿ ಹೆದ್ದಾರಿಯ ನಂಬರು, ಎಷ್ಟನೆಯ ಕಿಲೋಮೀಟರಿನಿಂದ ಎಷ್ಟರವರೆಗೆ, ಗ್ರಾಮ, ಸರ್ವೆ ನಂಬರು, ಕ್ಷೇತ್ರ ಇರುತ್ತವೆ. ನೀವು ಕಲಿತ ಪಾಠ ಮೊದಲು ಕೆಲಸಕ್ಕೆ ಬರುವುದು ಇಲ್ಲಿ.

ಕಲಂ 3ಸಿ: ಅಧಿಸೂಚನೆ ಪ್ರಕಟವಾದ 21 ದಿನದೊಳಗೆ ಆಕ್ಷೇಪಣೆಯನ್ನು ಬರವಣಿಗೆಯಲ್ಲಿ ಸಕ್ಷಮ ಪ್ರಾಧಿಕಾರಿಗೆ ಕೊಡಬೇಕು. ಖುದ್ದಾಗಿ ಇಲ್ಲವೇ ವಕೀಲರ ಮೂಲಕ ವಿಚಾರಣೆಗೆ ಅವಕಾಶ ಉಂಟು. ಈ ಆಕ್ಷೇಪಣೆ ಜಮೀನನ್ನು ಆ ಕೆಲಸಕ್ಕೆ ಬಳಸುವುದರ ಬಗ್ಗೆ. ಹಣ ಕಡಿಮೆ ಎಂಬ ತಕರಾರಿಗೆ ಸ್ಥಳ ಮುಂದೆ ಇದೆ.

ಕಲಂ 3ಡಿ: ಘೋಷಣೆ. ಇದು ಪ್ರಕಟವಾದ ಕ್ಷಣದಿಂದ ಜಮೀನು ಕೇಂದ್ರ ಸರ್ಕಾರದ್ದಾಗುತ್ತದೆ. 3ಎ ಪ್ರಕಟವಾದ ಒಂದು ವರ್ಷದೊಳಗೆ 3ಡಿ ಬಾರದಿದ್ದರೆ, ನ್ಯಾಯಾಲಯದ ತಡೆಯಾಜ್ಞೆಯ ಕಾಲ ಬಿಟ್ಟು, ಮೊದಲ ಅಧಿಸೂಚನೆ ಬಿದ್ದುಹೋಗುತ್ತದೆ.

ಕಲಂ 3ಜಿ: ಪರಿಹಾರದ ನಿರ್ಣಯ. ಹಕ್ಕುದಾರರು ಬಂದು ಹೇಳಿಕೊಳ್ಳಲು ಮತ್ತೆ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಮೊತ್ತ ಒಪ್ಪಿಗೆಯಾಗದಿದ್ದರೆ ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ ಹೋಗಬಹುದು.

ಕಲಂ 3ಇ: ಹಣ ಠೇವಣಿ ಆದ ಮೇಲೆ ಜಮೀನು ಬಿಟ್ಟುಕೊಡಲು ನೋಟೀಸು. ನೋಟೀಸು ಮುಟ್ಟಿದ ದಿನದಿಂದ 60 ದಿನದ ಅವಧಿ.

ಪರಿಹಾರದ ಲೆಕ್ಕ 1-1-2015ರಿಂದ ಬದಲಾಗಿದೆ. 2013ರ ಭೂಸ್ವಾಧೀನ ಕಾಯ್ದೆಯ ಲೆಕ್ಕವೇ ಅಂದಿನಿಂದ ಹೆದ್ದಾರಿಗೂ ಅನ್ವಯ. ಮಾರುಕಟ್ಟೆ ಬೆಲೆಯನ್ನು ಒಂದು ಅಂಶದಿಂದ ಗುಣಿಸಿ, ಮರ, ಬಾವಿ, ಕಟ್ಟಡಗಳ ಬೆಲೆ ಕೂಡಿಸಿ, ಬಂದ ಮೊತ್ತಕ್ಕೆ ಅಷ್ಟೇ ಮೊತ್ತದ ಸಾಂತ್ವನ ಧನ ಸೇರಿಸುತ್ತಾರೆ. ನಗರ ಪ್ರದೇಶಕ್ಕೆ ಆ ಅಂಶ 1. ಗ್ರಾಮೀಣ ಪ್ರದೇಶಕ್ಕೆ 1ರಿಂದ 2ರವರೆಗೆ, ದೂರ ನೋಡಿ ಸರ್ಕಾರ ಗೊತ್ತುಪಡಿಸುತ್ತದೆ.

ಒಂದು ಲೆಕ್ಕ ಮಾಡೋಣ. ಜಮೀನಿನ ಮಾರುಕಟ್ಟೆ ಬೆಲೆ 10 ಲಕ್ಷ ಎಂದುಕೊಳ್ಳಿ. ನಗರದ ಅಂಶ 1 ಆದರೆ 10 ಲಕ್ಷ, ಸಾಂತ್ವನ ಧನ 10 ಲಕ್ಷ, ಒಟ್ಟು 20 ಲಕ್ಷ. ಗ್ರಾಮೀಣ ಅಂಶ 1.5 ಎಂದಾದರೆ 15 ಲಕ್ಷ, ಸಾಂತ್ವನ ಧನ 15 ಲಕ್ಷ, ಒಟ್ಟು 30 ಲಕ್ಷ. ಬೈರಿದೇವರಕೊಪ್ಪ ಹೆಸರಿಗೆ ಕೊಪ್ಪವಾದರೂ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಸರಹದ್ದಿನೊಳಗಿದೆ. ಪಾಲಿಕೆಯ ಗಡಿಯ ಒಳಗೋ ಹೊರಗೋ ಎಂಬ ಒಂದು ಗೆರೆ ಇಷ್ಟು ವ್ಯತ್ಯಾಸ ಮಾಡಬಲ್ಲದು. ಆದ್ದರಿಂದ ನಿಮ್ಮ ಸರ್ವೆ ನಂಬರು ಯಾವ ಗಡಿಯೊಳಗಿದೆ ಎಂಬುದನ್ನು ಕಾಗದದಲ್ಲಿ ಖಚಿತ ಮಾಡಿಕೊಳ್ಳಿ.

ಇನ್ನೊಂದು ಮಾತು. ಪಹಣಿಯಲ್ಲಿ ತೀರಿಹೋದ ತಂದೆ ಅಥವಾ ಅಜ್ಜನ ಹೆಸರೇ ಉಳಿದಿದ್ದರೆ ಪರಿಹಾರದ ಹಣ ವಾರಸುದಾರರ ಕೈಸೇರುವುದು ತಡವಾಗುತ್ತದೆ, ಮನೆಯೊಳಗೆ ಜಗಳವೂ ಹುಟ್ಟುತ್ತದೆ. ನೋಟೀಸಿಗೆ ಕಾಯಬೇಡಿ. ಹೆದ್ದಾರಿ ಹತ್ತಿರವಿರಲಿ, ದೂರವಿರಲಿ, ವಾರಸಾ ಈಗಲೇ ಮಾಡಿಸಿಕೊಳ್ಳಿ. ಜಂಟಿ ಅಳತೆಗೆ ಬಂದ ದಿನ ಮನೆಯವರೊಬ್ಬರು ಹೊಲದಲ್ಲಿರಲಿ. ಕೊಟ್ಟಿಗೆ, ಕೊಳವೆ ಬಾವಿ, ಹುಣಸೆ, ಮಾವು, ತೆಂಗು ಎಲ್ಲವೂ ಪಟ್ಟಿಗೆ ಬಂದಿವೆಯೇ ಎಂದು ನೋಡಿಯೇ ಸಹಿ ಮಾಡಿ.

9. ಕಲ್ಲಿನ ಮೇಲಿನ ನಂಬರು ಜೀವ ಉಳಿಸುತ್ತದೆ

2021ರ ಜನವರಿ 15ರಂದು ಧಾರವಾಡದ ಇಟಿಗಟ್ಟಿ ಬಳಿ ಇದೇ ಬೈಪಾಸಿನ ಮೇಲೆ ಟೆಂಪೋ ಮತ್ತು ಟಿಪ್ಪರ್ ಮುಖಾಮುಖಿಯಾಗಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ದಾವಣಗೆರೆಯ ಹೆಣ್ಣುಮಕ್ಕಳು. ಎರಡೂ ಕಡೆ ಅಗಲವಾದ ಹೆದ್ದಾರಿ, ನಡುವೆ ವಿಭಜಕವಿಲ್ಲದ ಎರಡು ಪಥದ ಬೈಪಾಸ್. ಈ ದುರಂತದ ನಂತರ ಬೈಪಾಸ್ ಅಗಲ ಮಾಡಬೇಕೆಂಬ ಕೂಗು ಜೋರಾಯಿತು, ಮುಂದೆ ಆ ಕೆಲಸವನ್ನೂ ಕೈಗೆತ್ತಿಕೊಳ್ಳಲಾಯಿತು.

ಅಪಘಾತ ಕಂಡಾಗ ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ಆಂಬುಲೆನ್ಸಿಗೆ 108, ತುರ್ತು ಸೇವೆಗೆ 112. ಫೋನು ಎತ್ತಿದವರು ಕೇಳುವ ಮೊದಲ ಪ್ರಶ್ನೆ "ಎಲ್ಲಿ?" ಎಂಬುದು. "ಧಾರವಾಡದ ಹತ್ತಿರ, ದೊಡ್ಡ ಆಲದ ಮರದ ಪಕ್ಕ" ಎಂದರೆ ದೂರದ ಊರಿನಲ್ಲಿ ಕೂತವರಿಗೆ ತಿಳಿಯದು. "ಹೆದ್ದಾರಿ 48, ಇಷ್ಟನೆಯ ಕಿಲೋಮೀಟರು, ಹುಬ್ಬಳ್ಳಿ ಕಡೆಗೆ ಹೋಗುವ ಬದಿ" ಎಂದರೆ ಗಾಡಿ ನೇರವಾಗಿ ಬರುತ್ತದೆ. ಕಲ್ಲಿನ ಮೇಲೆ ಮುಂದಿನ ಊರಿನ ದೂರವೂ ಇರುತ್ತದೆ, ಹೆದ್ದಾರಿಯ ಕಿಲೋಮೀಟರೂ ಇರುತ್ತದೆ. ಎರಡನ್ನೂ ಬೆರೆಸಬೇಡಿ. ಕಿಲೋಮೀಟರ್ ಕಲ್ಲುಗಳ ನಡುವೆ 200 ಮೀಟರಿಗೊಂದರಂತೆ ಸಣ್ಣ ಕಲ್ಲುಗಳಿರುತ್ತವೆ. ನಿಮ್ಮ ಊರಿನ ಕ್ರಾಸು ಎಷ್ಟನೆಯ ಕಿಲೋಮೀಟರಿಗಿದೆ ಎಂದು ನೋಡಿ ಸಂಘದ ಹಲಗೆಯ ಮೇಲೆ ಬರೆದಿಡಿ. ಹಾಲಿನ ಗಾಡಿಯ ಚಾಲಕರಿಗೂ ಹೇಳಿ.

ದನ ಕಾಯುವವರಿಗೊಂದು ಮಾತು. ಹೆದ್ದಾರಿಯ ನಡುಪಟ್ಟಿಯ ಹುಲ್ಲು ಹಸಿರಾಗಿ ಕಾಣುತ್ತದೆ. ಆದರೆ ಅಲ್ಲಿಗೆ ದನ ಬಿಟ್ಟರೆ ದನವೂ ಹೋಗುತ್ತದೆ, ಬೈಕಿನವನ ಜೀವವೂ ಹೋಗುತ್ತದೆ. ಕತ್ತಲಾಗುವ ಮುಂಚೆ ಎಣಿಸಿ ಕಟ್ಟಿಹಾಕಿ. ಹೆದ್ದಾರಿಯ ಪಕ್ಕ ಹಾಲಿನ ಮಳಿಗೆ ಹಾಕುವ ಆಸೆ ಇದ್ದವರು 2002ರ ಹೆದ್ದಾರಿ ನಿಯಂತ್ರಣ ಕಾಯ್ದೆಯ ಪ್ರಕಾರ ಹೆದ್ದಾರಿಯಿಂದ ದಾರಿ ಪಡೆಯಲು ಅನುಮತಿ ಬೇಕೆಂಬುದನ್ನು ನೆನಪಿಡಿ.

10. ಸಂಘದ ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

(1) 1998ರ ಕಾಗದವೊಂದರಲ್ಲಿ "ರಾಷ್ಟ್ರೀಯ ಹೆದ್ದಾರಿ 48" ಎಂದಿದೆ. ಅದು ಯಾವ ರಸ್ತೆ?
(2) 169ಎ ಎಂಬ ರಸ್ತೆ ಯಾವ ಪ್ರಧಾನ ಹೆದ್ದಾರಿಯ ಮನೆತನಕ್ಕೆ ಸೇರಿದೆ?
(3) ಹುಬ್ಬಳ್ಳಿಯಿಂದ ನವಲಗುಂದಕ್ಕೂ ಕಲಘಟಗಿಗೂ ಹೋಗುವ ಹೆದ್ದಾರಿಯ ನಂಬರು ಒಂದೇ. ಯಾವುದು? ಅದು ಸಮ ಸಂಖ್ಯೆ ಏಕೆ?
(4) 3ಎ ಅಧಿಸೂಚನೆ ಈ ತಿಂಗಳ 1ನೇ ತಾರೀಖಿಗೆ ಪ್ರಕಟವಾಗಿದೆ. ಆಕ್ಷೇಪಣೆಯನ್ನು ತಿಂಗಳ ಕೊನೆಗೆ ಕೊಟ್ಟರೆ ನಡೆಯುತ್ತದೆಯೇ?

ಉತ್ತರಗಳು: (1) ಬೆಂಗಳೂರು–ಹಾಸನ–ಮಂಗಳೂರು ರಸ್ತೆ, ಇಂದಿನ 75. (2) 69. (3) 52. ಇಡೀ ದೇಶದ ಮಟ್ಟಿಗೆ ಅದು ಪಂಜಾಬಿನ ಸಂಗ್ರೂರಿನಿಂದ ಅಂಕೋಲೆಗೆ ಉತ್ತರ ದಕ್ಷಿಣವಾಗಿ ಬರುತ್ತದೆ. (4) ಇಲ್ಲ. 21 ದಿನ ಮುಗಿದಿರುತ್ತದೆ.

ಈ ಪಾಠವನ್ನು ಓದು ಬಾರದ ಸದಸ್ಯರಿಗೆ ಓದಿ ಹೇಳಿ. ಬೆಳಿಗ್ಗೆ ಹಾಲು ಹಾಕಲು ಸಾಲಿನಲ್ಲಿ ನಿಂತ ಹತ್ತು ನಿಮಿಷದಲ್ಲಿ ಒಂದೊಂದು ಭಾಗ ಮುಗಿಸಬಹುದು. ನೋಟೀಸು ಬಂದರೆ ಒಬ್ಬರೇ ಮನೆಯಲ್ಲಿ ಕೂತು ಚಿಂತಿಸದೆ ಅದನ್ನು ಸಂಘಕ್ಕೆ ತಂದು ನಾಲ್ಕು ಜನರ ಮುಂದೆ ಓದಿಸಿ. 21 ದಿನ ಬಹಳ ಬೇಗ ಕಳೆಯುತ್ತವೆ.